ಹಲ್ಲುಜ್ಜುವ ಗೆರೆ

ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದೇ. ನಿಜವಾಗಿ ಅವಳು ದೊಡ್ಡಮ್ಮನಾಗಿದ್ದದ್ದು ಒಬ್ಬಳಿಗೆ ಮಾತ್ರ, ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ತಂಗಿಯ ಮಗಳಿಗೆ. ಕೆಲಸಕ್ಕೆ ಸೇರಿದ ಮೊದಲ ದಿನ ಆ ಹುಡುಗಿ ಬಾಯಿತಪ್ಪಿ "ದೊಡ್ಡಮ್ಮಾ, ಇದೇನು ನೋಡು ಬಾ" ಎಂದು ಕೂಗಿದ್ದೇ ತಡ, ಮರುದಿನದಿಂದ ಇಡೀ ಕಚೇರಿಗೆ ಅದೇ ಹೆಸರಾಯಿತು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನೂ ಹಾಗೇ ಕರೆಯುತ್ತಿದ್ದ. "ನಿನಗೆ ನಾನು ದೊಡ್ಡಮ್ಮನಾದ್ರೆ ನಿಮ್ಮಮ್ಮನಿಗೆ ವಯಸ್ಸೆಷ್ಟಪ್ಪಾ?" ಎಂದು ಅವಳು ಅವನ ಕಾಲೆಳೆಯುತ್ತಿದ್ದಳು.

ಕೆಲಸವೆಂದರೆ ಎದೆಬಡಿತ ಓದುವುದು. ರೋಗಿಯ ಎದೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಅಂಟಿಸಿ ಮನೆಗೆ ಕಳಿಸುತ್ತಾರೆ. ಹದಿನಾಲ್ಕು ದಿನ ಅದು ಅವರ ಜೊತೆಗೇ ಮಲಗಿ ಏಳುತ್ತದೆ, ಕೆಲಸಕ್ಕೆ ಹೋಗಿ ಬರುತ್ತದೆ. ಬಡಿತ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಸಾಕು, ಆ ಹೊತ್ತಿನ ಬಡಿತದ ಏರಿಳಿತದ ಗೆರೆ ಇಲ್ಲಿನ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಯಂತ್ರಕ್ಕೆ ಅನುಮಾನ ಪಡುವುದಷ್ಟೇ ಗೊತ್ತು. ನಿಜ ಯಾವುದು, ಸುಳ್ಳು ಯಾವುದು ಎಂದು ಹೇಳಲು ಮನುಷ್ಯರ ಕಣ್ಣೇ ಬೇಕು.

ಸುಳ್ಳುಗಳಲ್ಲೆಲ್ಲ ಮಹಾ ಸುಳ್ಳು ಎಂದರೆ ಹಲ್ಲುಜ್ಜುವ ಗೆರೆ. ಮನುಷ್ಯ ಬ್ರಷ್ ಹಿಡಿದು ಗಸಗಸ ಉಜ್ಜುವಾಗ ತೋಳಿನ ಅಲುಗಾಟ ಎದೆಯ ಯಂತ್ರಕ್ಕೂ ತಾಗಿ, ಪರದೆಯ ಮೇಲೆ ಹೃದಯ ಹುಚ್ಚೆದ್ದು ಓಡಿದಂತೆಯೇ ಕಾಣುತ್ತದೆ. ಹೊಸಬರು ಅದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಡುತ್ತಿದ್ದರು. ದೊಡ್ಡಮ್ಮ ಅವರನ್ನು ಕೂರಿಸಿ, ಆ ಗಲಾಟೆಯ ಒಳಗೇ ಹೃದಯದ ಸ್ವಂತ ಬಡಿತ ಚಿಕ್ಕದಾಗಿ, ತನ್ನ ಪಾಡಿಗೆ ತಾನು ನಡೆಯುತ್ತಿರುವುದನ್ನು ಬೆರಳಿಟ್ಟು ತೋರಿಸುತ್ತಿದ್ದಳು. ಆ ಚಿಕ್ಕ ಬಡಿತ ಇದ್ದರೆ ಹಲ್ಲು, ಇಲ್ಲದಿದ್ದರೆ ಹೃದಯ. ನೋಡಲು ಅರ್ಧ ನಿಮಿಷ ಬೇಕು, ಅಷ್ಟೇ.

ಆದರೆ ಹನ್ನೆರಡು ವರ್ಷ ಒಂದೇ ಕೆಲಸ ಮಾಡಿದವರಿಗೆ ಜಂಭ ಬರದೆ ಇರುತ್ತದೆಯೇ? ಒಂದು ದಿನ ಚಹಾ ಕುಡಿಯುತ್ತಾ ಎಲ್ಲರ ಮುಂದೆ ಅವಳು ಅಂದಿದ್ದಳು: "ಬೆಳಗ್ಗೆ ಆರರಿಂದ ಎಂಟರವರೆಗಿನ ಗೆರೆ ತೆಗೆದು ನೋಡೋದೇ ಬೇಡ ಕಣ್ರೋ. ಕಣ್ಣು ಮುಚ್ಕೊಂಡು ಹಲ್ಲು ಅಂತ ಬರೀಬಹುದು." ಎಲ್ಲರೂ ನಕ್ಕರು. ಕಂಪನಿ ಕಟ್ಟಿದ ಡಾಕ್ಟರೂ ಅಲ್ಲೇ ನಿಂತು ನಕ್ಕಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಸುಮ್ಮನೆ ಅಲ್ಲ.

ಕಂಪನಿ ಮುಳುಗತೊಡಗಿದ್ದು ಅದಾದ ಮೇಲೆ. ದೊಡ್ಡ ಆಸ್ಪತ್ರೆಗಳು ಒಂದೊಂದಾಗಿ ಬೇರೆ ಕಂಪನಿಗಳ ಕಡೆ ಹೊರಳಿದವು. ನಲವತ್ತು ಜನ ಓದುವವರಿದ್ದ ಕೋಣೆಯಲ್ಲಿ ಒಂಬತ್ತು ಜನ ಉಳಿದರು. ಖಾಲಿ ಕುರ್ಚಿಗಳನ್ನು ಗೋಡೆಗೆ ಒರಗಿಸಿ ಬಟ್ಟೆ ಹೊದಿಸಿದರು. ರೋಗಿಗಳ ಫೋನು ಎತ್ತುವವರನ್ನೂ ಮನೆಗೆ ಕಳಿಸಿದ್ದರಿಂದ ಆ ಕರೆಗಳೂ ಓದುವವರ ಮೇಜಿಗೇ ಬರತೊಡಗಿದವು. ಇಷ್ಟಾದರೂ ಕಂಪನಿ ಕೊಳ್ಳಲು ಬರುವವರು ನೋಡಲಿ ಎಂದು ಮುಂದಿನ ಕೋಣೆಗೆ ಹೊಸ ಬಣ್ಣ, ಹೊಸ ಸೋಫಾ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಆಗ ಡಾಕ್ಟರು ದೊಡ್ಡಮ್ಮನನ್ನು ಕೋಣೆಗೆ ಕರೆದು, ಅವಳ ಮಾತನ್ನೇ ಅವಳ ಮುಂದಿಟ್ಟರು. "ನೀವೇ ಹೇಳಿದ್ರಲ್ಲ ದೊಡ್ಡಮ್ಮ, ಆರರಿಂದ ಎಂಟು ಎಲ್ಲಾ ಹಲ್ಲೇ ಅಂತ. ಅದನ್ನ ಹಲ್ಲು ಅಂತ ಕಂಪ್ಯೂಟರೇ ಬರೆದು ಮುಚ್ಚಿಬಿಡೋ ಹಾಗೆ ಮಾಡೋಣ. ಇರೋ ಒಂಬತ್ತು ಜನಕ್ಕೆ ಉಸಿರಾಡೋಕೆ ಬಿಡುವು ಸಿಗುತ್ತೆ." ಆದರೆ ನಿಯಮದ ಪ್ರಕಾರ ಪ್ರತಿ ಗೆರೆಯ ಕೆಳಗೂ 'ನೋಡಿದ್ದೇನೆ' ಎಂದು ಹಿರಿಯರೊಬ್ಬರ ಸಹಿ ಇರಬೇಕು. ಆ ಸಹಿ ಅವಳದಾಯಿತು. ಅವಳು ಒಂದು ಸಲ ಪಾಸ್‌ವರ್ಡ್ ಒತ್ತಿ ಕೊಟ್ಟಳು, ಮುಂದಿನದನ್ನು ಕಂಪ್ಯೂಟರ್ ನೋಡಿಕೊಂಡಿತು. ಮನಸ್ಸಿಗೆ ಚುಚ್ಚಲಿಲ್ಲವೇ ಎಂದರೆ, ಚುಚ್ಚಿತು. ಆದರೆ ಪಕ್ಕದ ಮೇಜಿನಲ್ಲಿ ತಂಗಿಯ ಮಗಳು ಕೂತಿದ್ದಳು. ಆ ಹುಡುಗಿಯ ಸಂಬಳದಿಂದಲೇ ತಂಗಿಯ ಮನೆ ನಡೆಯುತ್ತಿತ್ತು. ಚುಚ್ಚಿದ್ದನ್ನು ಅವಳು ನುಂಗಿಕೊಂಡಳು.

ಹನ್ನೊಂದು ವಾರ ಹೀಗೇ ನಡೆಯಿತು. ಕೊನೆಗೆ ಕಂಪನಿಯನ್ನು ಕೊಳ್ಳುವವರು ಸಿಕ್ಕಿದರು, ಶುಕ್ರವಾರ ಬಂದು ಸಹಿ ಹಾಕುವುದೆಂದು ಗೊತ್ತಾಯಿತು. ಆ ವಾರದ ಸೋಮವಾರ, ಹನ್ನೊಂದು ಗಂಟೆಯ ಹೊತ್ತಿಗೆ, ದೊಡ್ಡಮ್ಮನ ಮೇಜಿಗೆ ಒಂದು ಫೋನು ಬಂತು.

"ನಮ್ಮ ಮಾವನಿಗೆ ನಿಮ್ಮ ಯಂತ್ರ ಅಂಟಿಸಿದಾರೆ," ಎಂದಿತು ಒಂದು ಹೆಣ್ಣು ದನಿ. "ಅದರ ಸುತ್ತ ಕೆರೆತ ಅಂದ್ರೆ ಕೆರೆತ. ಏನ್ ಮಾಡ್ಬೇಕು?"

ದೊಡ್ಡಮ್ಮ ರೋಗಿಯ ಕಡತ ತೆರೆದಳು. ಎಪ್ಪತ್ತೊಂಬತ್ತು ವರ್ಷ, ಆರನೆಯ ದಿನ. ಆರು ದಿನದಲ್ಲಿ ನಾಲ್ಕು ಹಲ್ಲುಜ್ಜುವ ಗೆರೆ, ನಾಲ್ಕೂ ಮುಚ್ಚಿವೆ. "ನೀರು ತಾಗಿರ್ಬೇಕಮ್ಮ," ಎಂದಳು. "ಬೆಳಗ್ಗೆ ಹಲ್ಲುಜ್ಜುವಾಗ ಎದೆ ಮೇಲೆಲ್ಲ ನೀರು ಚೆಲ್ಕೋತಾರೇನೋ ನೋಡಿ."

ಆ ಕಡೆ ಸೊಸೆ ನಕ್ಕುಬಿಟ್ಟಳು. "ಹಲ್ಲಾ? ಮಾವನಿಗೆ ಹಲ್ಲೆಲ್ಲಿದೆ? ಬಾಯಲ್ಲಿ ಒಂದೂ ಇಲ್ಲ. ಕಟ್ಟಿಸಿದ ಸೆಟ್ಟೂ ಬೇಡ ಅಂತ ಎಸೆದುಬಿಟ್ರು. ಬಾಯಿ ಮುಕ್ಕಳಿಸಿ ಕುರ್ಚೀಲಿ ಕೂತ್ರೆ ಒಂಬತ್ತರವರೆಗೂ ಏಳಲ್ಲ."

ದೊಡ್ಡಮ್ಮ ಫೋನು ಕಿವಿಯಲ್ಲಿರುವಂತೆಯೇ ಮುಚ್ಚಿದ್ದ ಗೆರೆಗಳನ್ನು ತೆರೆದಳು. ಅಲೆಗಳೇನೋ ಎಂದಿನ ಹಾಗೇ ಇದ್ದವು. ಅವುಗಳ ಒಳಗೆ ಚಿಕ್ಕ ಬಡಿತ ಮಾತ್ರ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತ ಮುದುಕನ ಹೃದಯ ದಿಕ್ಕುತಪ್ಪಿ ಓಡಿತ್ತು. ಪ್ರತಿಯೊಂದರ ಕೆಳಗೂ 'ನೋಡಿದ್ದೇನೆ' ಎಂದು ಅವಳದೇ ಸಹಿ.

"ಅಮ್ಮಾ, ಕೆರೆತ ಹಾಗಿರಲಿ," ಎಂದಳು. "ಈಗಿಂದೀಗ್ಲೇ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಡೆಸ್ಬೇಡಿ, ಗಾಡೀಲಿ ಹೋಗಿ. ನಾನು ಅಲ್ಲಿಗೆ ಗೆರೆ ಕಳಿಸ್ತೀನಿ."

ಸಂಜೆಯ ಹೊತ್ತಿಗೆ ಮುದುಕ ಆಸ್ಪತ್ರೆಯ ಮಂಚದ ಮೇಲಿದ್ದ, ಬದುಕಿದ್ದ. ಸೊಸೆ ಫೋನು ಮಾಡಿ ಹೇಳಿದಳು. ದೊಡ್ಡಮ್ಮನಿಗೆ ಸಂತೋಷ ಪಡುವುದಕ್ಕೂ ಆಗಲಿಲ್ಲ. ಅವಳ ಸಹಿಯ ಕೆಳಗೆ ಮುಚ್ಚಿಕೊಂಡಿದ್ದ ಬೆಳಗಿನ ಗೆರೆಗಳು ನಾಲ್ಕು ಸಾವಿರದ ಇನ್ನೂರು ಚಿಲ್ಲರೆ. ಆ ರೋಗಿಗಳೆಲ್ಲ ಯಾವ ಕುರ್ಚಿಗಳಲ್ಲಿ ಕೂತಿದ್ದರೋ!

ಅವಳು ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಡಾಕ್ಟರು ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಣ್ಣುಜ್ಜಿಕೊಂಡರು.

"ಶುಕ್ರವಾರ ಆದ್ಮೇಲೆ ಮಾಡೋಣ," ಎಂದರು. "ಅವರು ಕೊಂಡ್ಮೇಲೆ ಜನ ಬರ್ತಾರೆ, ಸಲಕರಣೆ ಬರುತ್ತೆ. ಎಲ್ಲಾ ಮತ್ತೆ ಓದಿಸೋಣ."

"ಶುಕ್ರವಾರದೊಳಗೆ ಯಾರಾದ್ರೂ ಸತ್ತರೆ?"

ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತಾಡಿದರು. "ಸರಿ, ಓದಿ. ನಿಜ ಅನ್ನಿಸಿದ್ದು ಸಿಕ್ಕಿದ್ರೆ ಫೋನ್ ಮಾಡಿ, ಇನ್ನೊಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಹೇಳಿ. ಅಷ್ಟೇ. ತಪ್ಪು ಗಿಪ್ಪು ಅನ್ನೋ ಮಾತು ಬೇಡ. ಕಾಗದದಲ್ಲಂತೂ ಒಂದಕ್ಷರ ಹೋಗ್ಬಾರ್ದು. ಒಂದು ಚೀಟಿ ಹೊರಗೆ ಹೋದ್ರೂ ಅವರು ಹಿಂದೆ ಸರೀತಾರೆ. ಆಮೇಲೆ ನಾನೂ ಇಲ್ಲ, ನೀವೂ ಇಲ್ಲ, ಆ ನಿಮ್ಮ ಹುಡುಗೀನೂ ಇಲ್ಲ."

ಅವಳು ಒಪ್ಪಿಕೊಂಡಳು. ಜೀವ ಉಳಿದರೆ ಸಾಕು, ಕಾಗದ ಕಟ್ಟಿಕೊಂಡು ಏನಾಗಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಮಂಗಳವಾರ, ಬುಧವಾರ ಒಂಬತ್ತು ಜನವೂ ತಲೆ ಎತ್ತಲಿಲ್ಲ. ಯಾರ ಬಾಯಲ್ಲೂ ತಮಾಷೆ ಇಲ್ಲ. ಗೆರೆ ತೆರೆಯುವುದು, ಒಳಗಿನ ಚಿಕ್ಕ ಬಡಿತ ಹುಡುಕುವುದು, ಮುಚ್ಚುವುದು. ಸಾವಿರಗಟ್ಟಲೆ ಹಲ್ಲುಗಳೇ. ಅವಳ ಜಂಭದ ಮಾತು ಹೆಚ್ಚುಕಡಿಮೆ ನಿಜವೇ ಆಗಿತ್ತು. ಹೆಚ್ಚುಕಡಿಮೆ! ಬೊಚ್ಚುಬಾಯಿಯ ಮುದುಕನನ್ನು ಬಿಟ್ಟು ಇನ್ನೂ ಐದು ಜನ ಸಿಕ್ಕಿದರು.

ಗುರುವಾರ ಬೆಳಗ್ಗೆ ಅವಳೇ ಫೋನು ಹಿಡಿದು ಕೂತಳು. ನಾಲ್ಕು ಜನ ಸಿಕ್ಕಿದರು. ಒಬ್ಬರು ಗಾಬರಿಯಾದರು, ಒಬ್ಬರು ಬೈದರು, ಇಬ್ಬರು ಆಗಲೇ ಬೇರೆ ಡಾಕ್ಟರ ಹತ್ತಿರ ಔಷಧಿ ತೆಗೆದುಕೊಳ್ಳುತ್ತಿದ್ದರು. ನಾಲ್ವರಿಗೂ ಅವಳು ಡಾಕ್ಟರು ಹೇಳಿಕೊಟ್ಟ ಒಂದೇ ಮಾತು ಹೇಳಿದಳು. ಐದನೆಯವನು ಬೀಗ ರಿಪೇರಿ ಮಾಡುವವನು, ವಯಸ್ಸು ಐವತ್ತನಾಲ್ಕು. ಫೋನು ಎತ್ತಿದ್ದು ಅವನ ಹೆಂಡತಿ.

"ಅವರು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ ಆಯ್ತು," ಎಂದಳು.

ಇದಕ್ಕೆ ಏನು ಹೇಳಬೇಕೆಂದು ಡಾಕ್ಟರು ಹೇಳಿಕೊಟ್ಟಿರಲಿಲ್ಲ. ದೊಡ್ಡಮ್ಮ "ಅಯ್ಯೋ" ಎಂದಳು.

"ನೀವು ಫೋನ್ ಮಾಡಿದ್ದು ಒಳ್ಳೇದೇ ಆಯ್ತು," ಎಂದಳು ಆಕೆ. "ಯಂತ್ರದವರು ಯಾರಾದ್ರೂ ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು ಅಂತಿದ್ದೆ. ನಿಮ್ಮ ವರದಿ ಬಂದ ದಿನ ಮನೇಲಿ ಎಷ್ಟು ನೆಮ್ಮದಿ ಆಗಿತ್ತು ಗೊತ್ತಾ? ದೋಷ ಏನೂ ಇಲ್ಲ ಅಂತ ಬರೆದಿದ್ರಿ. ಅಷ್ಟು ದಿನಾದ್ರೂ ಹೆದರಿಕೆ ಇಲ್ದೆ ಇದ್ವಿ. ನಿಮಗೆ ಪುಣ್ಯ ಬರ್ಲಿ."

ತಂಗಿಯ ಮಗಳು ತನ್ನ ಕೆಲಸ ಬಿಟ್ಟು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದಳು. ಇಲ್ಲಿಗೇ 'ಆಯ್ತಮ್ಮ, ಧೈರ್ಯ ತಂದುಕೊಳ್ಳಿ' ಎಂದು ಫೋನು ಇಟ್ಟುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸತ್ತವನಿಗೆ ಪರೀಕ್ಷೆ ಮಾಡಿಸುವುದು ಏನಿದೆ? ಆದರೆ ಆ ಪುಣ್ಯದ ಮಾತನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಆ ವರದಿ ಸರಿ ಇರ್ಲಿಲ್ಲಮ್ಮ," ಎಂದಳು. "ಅವರ ಹೃದಯಕ್ಕೆ ತೊಂದ್ರೆ ಇತ್ತು. ಎರಡು ದಿನ, ಬೆಳಗ್ಗೆ ಏಳು ಗಂಟೆ ಹೊತ್ತಲ್ಲಿ, ನಮ್ಮ ಗೆರೇಲಿ ಕಾಣಿಸಿಕೊಂಡಿತ್ತು. ನಾವು ಅದನ್ನ ತೆಗೆದು ನೋಡ್ಲೇ ಇಲ್ಲ. ನೋಡಿದೀನಿ ಅಂತ ಸಹಿ ಹಾಕಿದೋಳು ನಾನು."

ಆಕೆ ಕೂಗಾಡಲಿ, ಶಾಪ ಹಾಕಲಿ ಎಂದು ದೊಡ್ಡಮ್ಮ ಕಾದಳು.

"ಏಳು ಗಂಟೆಗಾ?" ಎಂದಳು ಆಕೆ ಕೊನೆಗೆ. "ಏಳು ಗಂಟೆಗೆ ಅವರು ಅಂಗಡಿ ಶಟರ್ ಎತ್ತೋ ಹೊತ್ತು. ಎತ್ತುವಾಗ ಎದೆ ಹೆಂಗೋ ಆಗುತ್ತೆ ಕಣೇ, ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡೋರು. ನಿಮ್ಮ ವರದಿ ಬಂದ್ಮೇಲೆ ನಾವು... ನನ್ನ ಮಗ ಅಂದ, ಎದೇನೂ ಇಲ್ಲ ಗಿದೇನೂ ಇಲ್ಲ, ಮೈಗಳ್ಳತನ ಅಂತ. ಮಗಳೂ ನಕ್ಕಳು. ನಾನೂ ನಕ್ಕೆ. ಅಪ್ಪನಿಗೆ ಶಟರ್ ಕಂಡ್ರೇ ಕಾಯಿಲೆ ಅಂತ ದಿನಾ ಗೇಲಿ ಮಾಡ್ತಿದ್ವಿ. ಅವರು ಒಂದೆರಡು ದಿನ ಜಗಳ ಆಡಿದ್ರು, ಆಮೇಲೆ ಹೇಳೋದೇ ಬಿಟ್ರು." ಆಕೆಯ ಉಸಿರು ಕೇಳಿಸುತ್ತಿತ್ತು. "ಹಾಗಾದ್ರೆ ಅವರು ಹೇಳಿದ್ದು ಸುಳ್ಳಲ್ಲ."

"ಸುಳ್ಳಲ್ಲಮ್ಮ."

"ಅದನ್ನ ಬರೆದು ಕೊಡ್ತೀರಾ? ನಾನು ಹೇಳಿದ್ರೆ ಮಕ್ಕಳು ನಂಬಲ್ಲ. ಆ ವರದೀನ ನಂಬಿದೋರು, ಕಾಗದ ಕಂಡ್ರೇನೇ ನಂಬೋದು."

ದೊಡ್ಡಮ್ಮ "ಕೊಡ್ತೀನಿ" ಎಂದಳು. ಯೋಚಿಸಿ ಹೇಳಿದ್ದಲ್ಲ. ಫೋನಿಟ್ಟು ತಂಗಿಯ ಮಗಳ ಕಡೆ ತಿರುಗಿದಳು. ಕೇಳಿದ್ದನ್ನೆಲ್ಲ ಹೇಳಿದಳು. "ನಿನ್ನ ಅನ್ನಕ್ಕೂ ಕಲ್ಲು ಹಾಕ್ತಿದೀನಿ ಕಣೇ," ಎಂದಳು.

ಹುಡುಗಿಯ ಕಣ್ಣು ತುಂಬಿ ಬಂತು. ಬೇಡ ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. "ಅಮ್ಮನಿಗೆ ನೀನೇ ಹೇಳ್ಬೇಕು ದೊಡ್ಡಮ್ಮ, ನನ್ನ ಕೈಲಾಗಲ್ಲ," ಎಂದು ಮುಖ ತಿರುಗಿಸಿಕೊಂಡಳು.

ಕಂಪನಿಯ ಹೆಸರಿದ್ದ ಹಾಳೆಯ ಮೇಲೆ ದೊಡ್ಡಮ್ಮ ಕೈಯಲ್ಲೇ ಬರೆದಳು. ಎರಡು ತಾರೀಖು, ಎರಡು ಹೊತ್ತು, ಹೃದಯ ಏನು ಮಾಡಿತ್ತು ಎಂಬುದು. ಅವರು ಹೇಳುತ್ತಿದ್ದ ಸಂಕಟ ನಿಜ, ನೆಪವಲ್ಲ. ದೋಷವಿಲ್ಲ ಎಂಬ ನಮ್ಮ ವರದಿ ತಪ್ಪು. ನೋಡದೆ ಸಹಿ ಹಾಕಿದವಳು ನಾನು. ಕೊನೆಯಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಮೊದಲನೆಯ ಹಾಳೆಯ ಮೇಲೆ ಕಣ್ಣೀರು ಬಿದ್ದು ಶಾಯಿ ಕದಡಿದ್ದರಿಂದ ಅದನ್ನು ಹರಿದು ಮತ್ತೊಮ್ಮೆ ಬರೆದಳು. ಅದನ್ನು ಒಯ್ದು ಡಾಕ್ಟರ ಮುಂದಿಟ್ಟಳು. ಕದ್ದು ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಡಾಕ್ಟರು ನಿಂತೇ ಓದಿದರು. ಎರಡು ಸಲ ಓದಿದರು. ಹರಿದುಹಾಕುತ್ತಾರೆಂದು ಅವಳು ಅಂದುಕೊಂಡಳು. ಅವರು ಹರಿಯಲಿಲ್ಲ.

"ಇದು ಹೋದ್ರೆ ನಾಳೆ ಅವರು ಬರಲ್ಲ," ಎಂದರು.

"ಗೊತ್ತು."

"ನಾಳೆ ಒಂದು ದಿನ ತಡೀರಿ. ಶನಿವಾರ ಕೊಡಿ. ಸತ್ತೋರು ಸತ್ತಾಯ್ತು ದೊಡ್ಡಮ್ಮ, ಒಂದು ದಿನಕ್ಕೆ ಅವರಿಗೇನೂ ಆಗಲ್ಲ."

"ಸತ್ತೋರಿಗೆ ಆಗಲ್ಲ ಡಾಕ್ಟ್ರೇ. ಆದ್ರೆ ಇದನ್ನ ಮುಚ್ಚಿಟ್ಟು ಮಾರಿದ್ರೆ, ಕೊಂಡೋರೂ ನಮ್ಮ ಹಾಗೇ ಆರರಿಂದ ಎಂಟು ಮುಚ್ಕೊಂಡು ಹೋಗ್ತಾರೆ. ಸೋಮವಾರ ಇನ್ನೊಬ್ಬರ ಗೆರೆ ನನ್ನ ಹೆಸರಲ್ಲೇ ಮುಚ್ಚಿಕೊಳ್ಳುತ್ತೆ. ನನ್ನ ಕೈಲಿ ಇನ್ನು ಆಗಲ್ಲ."

ಡಾಕ್ಟರು ಹಾಳೆಯನ್ನು ಮೇಜಿನ ಅಂಚಿಗೆ, ಅವಳ ಕಡೆಗೆ, ಮೆಲ್ಲಗೆ ಸರಿಸಿದರು. ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತರು.

ಅಂಚೆಗೆ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ದಾರಿಯಲ್ಲಿ ಕಳೆದರೆ? ಎರಡು ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು, ಅಂಗಡಿ ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆ. ಗೋಡೆ ತುಂಬ ಬೀಗದ ಕೈಗಳು ತೂಗುತ್ತಿದ್ದವು. ಮಗ ಅರದಿಂದ ಒಂದು ಕೀಲಿ ಉಜ್ಜುತ್ತಿದ್ದ. ತಾಯಿ ಒಳಗಿನಿಂದ ಬಂದಳು, ಹಿಂದೆ ಮಗಳು. ದೊಡ್ಡಮ್ಮ ತಾನು ಯಾರೆಂದು ಹೇಳಿ ಕಾಗದ ಚಾಚಿದಳು. ತಾಯಿ ಅದನ್ನು ಬಿಚ್ಚಲಿಲ್ಲ, ಮಗನ ಕೈಗೆ ಕೊಟ್ಟಳು.

"ಜೋರಾಗಿ ಓದು," ಎಂದಳು.

ಮಗ ಜೋರಾಗಿಯೇ ಶುರು ಮಾಡಿದ. ತಾರೀಖು ಓದಿದ, ಹೊತ್ತು ಓದಿದ. 'ನಿಜ, ನೆಪವಲ್ಲ' ಎಂಬಲ್ಲಿಗೆ ಬಂದಾಗ ಅವನ ಓದು ನಿಂತಿತು. ಅರ ಇನ್ನೂ ಕೈಯಲ್ಲೇ ಇತ್ತು. ಮಗಳು ಹತ್ತಿರ ಬಂದು ಕಾಗದದ ಮೇಲೆ ಬಗ್ಗಿ ನೋಡಿದಳು.

"ಪೂರ್ತಿ ಓದು," ಎಂದಳು ತಾಯಿ.

ಅವನು ಮತ್ತೆ ಮೊದಲಿನಿಂದ ಓದತೊಡಗಿದ. ದೊಡ್ಡಮ್ಮನಿಗೆ ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಅವಳ ಹೆಸರು ಬರುವವರೆಗೂ ಅವಳು ನಿಂತೇ ಇದ್ದಳು.