ಎರಡು ರೋಬೋಗೂ ಒಂದೇ ವಿಳಾಸ

ಭಾವನಿಗೂ ಪುಟ್ಟಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ಪುಟ್ಟಿ ಕಟ್ಟುಹಲ್ಲು ಮಾಡುವ ಲ್ಯಾಬಿನವಳು. ಅವಳ ಅಕ್ಕನ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇಬ್ಬರಿಗೂ ಆಟಿಕೆ ರೋಬೋ ಕಟ್ಟುವ ಹುಚ್ಚು, ಇಬ್ಬರಿಗೂ ಇದ್ದದ್ದು ಒಂದೇ ಕ್ಲಬ್ಬು.

ಈಗ ಆ ಮಹಾಶಯ ರೋಬೋ ಓಡಿಸುವ ತನ್ನ ಪ್ರೋಗ್ರಾಂ ಅನ್ನು ಪುಟ್ಟಿ ಕದ್ದಿದ್ದಾಳೆಂದು ಕ್ಲಬ್ಬಿಗೆ ದೂರು ಕೊಟ್ಟಿದ್ದ. ಅದು ನಿಜವೆಂದಾದರೆ ಅವಳನ್ನು ಅಲ್ಲಿಂದ ಓಡಿಸುತ್ತಾರೆ. ರೋಬೋದ ಮಿದುಳಾದ ಬೆರಳುದ್ದದ ಮೈಕ್ರೋಕಂಟ್ರೋಲರ್ ಬೋರ್ಡಿನ ಮುಂದೆ ಕೂತು, ರಜೆಯ ದಿನಗಳನ್ನೆಲ್ಲ ಸುರಿದು ಅದನ್ನು ಬರೆದವಳು ಅವಳು. ಕದ್ದವನೇ ಮೊದಲು ಬೊಬ್ಬೆ ಹಾಕಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಭಾನುವಾರ ಎಲ್ಲರೆದುರು ವಿಚಾರಣೆ ನಡೆಯಿತು. ಅಕ್ಕನೂ ಬಂದು ಗಂಡನ ಪಕ್ಕ ಕುಳಿತಳು. ಭಾವ ತನ್ನ ರೋಬೋವನ್ನು ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದ. ಪುಟ್ಟಿ ತನ್ನ ರಿಮೋಟಿನ ಜಾಯ್‌ಸ್ಟಿಕ್ ಒತ್ತಿದಳು. ಭಾವನ ರೋಬೋ ಗಿರ್ರನೆ ತಿರುಗಿತು.

"ನೋಡಿ! ನಂದನ್ನೇ ಇಳಿಸ್ಕೊಂಡಿದ್ದಾಳೆ!" ಎಂದು ಭಾವ ಎದ್ದು ನಿಂತ.

"ಪ್ರೋಗ್ರಾಮಲ್ಲಿ ಇಬ್ಬರ ರೋಬೋದ ರೇಡಿಯೋಗೂ ಒಂದೇ ವಿಳಾಸ ಕೊಟ್ಟಿದೆ. ಅದಕ್ಕೇ ಯಾರ ರಿಮೋಟ್ ಒತ್ತಿದ್ರೂ ಓಡುತ್ತೆ," ಎಂದರು ಕ್ಲಬ್ಬಿನ ಕಾರ್ಯದರ್ಶಿ. "ಬರೆದವ್ರಿಗೆ ಆ ವಿಳಾಸದ ಸಾಲು ಎಲ್ಲಿದೆ ಅಂತ ಗೊತ್ತಿರ್ಬೇಕಲ್ಲ. ತೋರಿಸಿ ಸ್ವಾಮಿ."

ಭಾವ ಲ್ಯಾಪ್‌ಟಾಪಿನಲ್ಲಿ ಮೇಲೆ ಹೋದ, ಕೆಳಗೆ ಬಂದ, ಮತ್ತೆ ಮೇಲೆ ಹೋದ. "ಬ್ರೇಕ್ ಎಲ್ಲಿದೆ ಅಂತಾನೂ ಗೊತ್ತಿಲ್ವಾ?" ಎಂದು ದಿನಾ ಕಲಿಯಲು ಬಂದವರ ಮೇಲೆ ಹರಿಹಾಯುವವನಿಗೆ ಒಂದು ಸಾಲು ಸಿಗಲಿಲ್ಲ. ಪುಟ್ಟಿ ಬಂದು ಬೆರಳಿಟ್ಟು ತೋರಿಸಿದಳು. ಯಾರೋ ಕಿಸಕ್ಕನೆ ನಕ್ಕರು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನನ್ನ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇದೆ, ಭಾವ. ಹೇಗೆ ತೆಗೆದ್ರಿ?"

ಭಾವ ಹೆಂಡತಿಯ ಕಡೆ ನೋಡಿದ.

"ನಾನೇ ಹೇಳ್ದೆ ಕಣೆ," ಎಂದಳು ಅಕ್ಕ. "ನಿಂಗೇನು, ಇನ್ನೊಂದು ಬರ್ಕೊಳ್ತೀಯ. ಇವ್ರಿಗೆ ಬರಲ್ವಲ್ಲ."

"ನನ್ನನ್ನೇ ಕಳ್ಳಿ ಅಂತಾರೆ ಅನ್ನೋದೂ ಗೊತ್ತಿತ್ತಾ?"

ಅಕ್ಕ ತಲೆ ತಗ್ಗಿಸಲಿಲ್ಲ. "ಗೊತ್ತಿತ್ತು. ಈಗ ಗೆದ್ಯಲ್ಲ, ಸಾಕು. ಆ ರಿಮೋಟ್ ಆಫ್ ಮಾಡು."

ಪುಟ್ಟಿಯ ಸಂತೋಷ ಜರ್ರನೆ ಇಳಿದುಹೋಯಿತು. ಭಾವನ ಮೇಲೆ ಇಷ್ಟು ದಿನ ಇದ್ದ ಸಿಟ್ಟು ಈ ಸಿಟ್ಟಿನ ಮುಂದೆ ಏನೇನೂ ಅಲ್ಲ. ಅಕ್ಕನ ಮುಖದಿಂದ ಕಣ್ಣು ಕೀಳದೆ ಅವಳು ಜಾಯ್‌ಸ್ಟಿಕ್ಕನ್ನು ಮುಂದಕ್ಕೆ ಒತ್ತಿ ಹಿಡಿದಳು. ಭಾವನ ರೋಬೋ ಮೇಜಿನ ಅಂಚು ದಾಟಿ ಅಕ್ಕನ ಕಾಲ ಬಳಿ ಬಿದ್ದು ಒಡೆಯಿತು.

"ಅವ್ರಿಗೆ ಇನ್ನೊಂದು ನೀನೇ ಮಾಡ್ಕೊಡು," ಎಂದಳು ಪುಟ್ಟಿ.