ಮೈದಾ ಮೂಟೆಯ ಮೇಲೆ ಗಂಡ

ಮೊಟ್ಟೆಯ ವಿಷಯದಲ್ಲಿ ಬೇಕರಿ ಮನೆಯ ಸೊಸೆಗೆ ಮೋಸ ಮಾಡಲು ಯಾವ ಕೋಳಿಗೂ ಸಾಧ್ಯವಿರಲಿಲ್ಲ. ಕೇಕಿಗೆ ಹಾಕುವ ಮುನ್ನ ಒಂದೊಂದನ್ನೂ ಬೇರೆ ಬಟ್ಟಲಲ್ಲಿ ಒಡೆದು ನೋಡುವುದು ಅವಳ ಪದ್ಧತಿ. ಬಿಳಿಭಾಗ ಹಳದಿಯ ಸುತ್ತ ಗಟ್ಟಿಯಾಗಿ ಕೂತರೆ ತಾಜಾ. ತೆಳ್ಳಗಾಗಿ ಹರಿದರೆ ಹಳೆಯದು, ಪಕ್ಕಕ್ಕಿಡು. ಈ ಜಾಣತನವನ್ನು ಅವಳು ಬೇಕರಿಯಲ್ಲೇ ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ತನ್ನ ಮೈಗೂ ಅದೇ ಕಾನೂನು ಹಚ್ಚಿದಳು.

ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ಮಗು ಆಗಿರಲಿಲ್ಲ. ಕೇಕಿನ ಮೇಲೆ ಬೇರೆಯವರ ಮಕ್ಕಳ ಹೆಸರು ಬರೆಯುವಾಗ ತನ್ನ ಮಗುವಿಗೆ ಯಾವ ಹೆಸರಿಡಲಿ ಎಂದು ಯೋಚಿಸುತ್ತಿದ್ದಳು. ತಿಂಗಳು ತಿಂಗಳೂ ಮುಟ್ಟು ಮುಗಿದ ಮೇಲೆ ಒಂದೆರಡು ದಿನ ಒಣಗಿದಂತಿರುತ್ತಿತ್ತು. ಆಮೇಲೆ ಸ್ವಲ್ಪ ಬಿಳಿ ಹೋಗುತ್ತಿತ್ತು, ಮಂದವಾಗಿ, ಅಂಟಂಟಾಗಿ. ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಟ್ಟಿಯಾಗಿದ್ದರೆ ಒಳ್ಳೆಯದೇ ತಾನೆ! ಆದರೆ ಮುಂದಿನ ಮುಟ್ಟಿಗೆ ಇನ್ನೂ ಬಹಳ ದಿನ ಇರುವಾಗಲೇ ಅದು ತಿಳಿಯಾಗಿ, ಜಾರುವಂತಾಗಿ, ಬೆರಳುಗಳ ನಡುವೆ ಹಿಡಿದರೆ ಎಳೆಯಾಗುತ್ತಿತ್ತು. ಆಗ ಅವಳು ಲೆಕ್ಕ ಹಾಕುತ್ತಿದ್ದಳು: ಒಳಗೇನೋ ಕೆಟ್ಟಿದೆ, ಅದಕ್ಕೇ ಮಗು ನಿಲ್ಲುತ್ತಿಲ್ಲ, ಈ ಕಾಯಿಲೆ ಗಂಡನಿಗೂ ಅಂಟೀತು!

ಹೇಳೋಣವೆಂದರೆ ಬಾಯಿಬಿಟ್ಟರೆ ಬಣ್ಣಗೇಡು. "ರೀ, ನನಗೆ ಯಾಕೋ ಸೆಕೆ. ನೀವು ಕೆಳಗೆ ಮಲಗಿ," ಎನ್ನುತ್ತಿದ್ದಳು. ಕೆಳಗೆ ಎಂದರೆ ಬೇಕರಿಯ ಉಗ್ರಾಣ, ಹಾಸಿಗೆ ಎಂದರೆ ಮೈದಾ ಮೂಟೆ. ಗಂಡ ದಿಂಬು ಹಿಡಿದು ಇಳಿಯುತ್ತಿದ್ದ. ಬಿಳಿ ಮತ್ತೆ ಮಂದವಾದ ಮೇಲೆ ಅವನಿಗೆ ಮೇಲಿನಿಂದ ಕರೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಸಕ್ಕರೆಗೆಂದು ಉಗ್ರಾಣದ ಬಾಗಿಲು ತೆಗೆದರು. ಒಳಗಿಂದ ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ ಆಕೃತಿಯೊಂದು ಎದ್ದು ಕೂತು ಆಕಳಿಸಿತು. ಚೀರಲು ಬಾಯಿ ತೆರೆದವರು, ಅದು ತಾವೇ ಹೆತ್ತದ್ದೆಂದು ಗೊತ್ತಾಗಿ ಸೀದಾ ಸೊಸೆಯ ಹತ್ತಿರ ಬಂದರು.

"ಏನೇ ಇದು? ನನ್ನ ಮಗನ್ನ ನಾದಿ ಬನ್ ಮಾಡೋಕೆ ಹೊರಟಿದ್ದೀಯಾ? ಜಗಳಾನಾ?"

ಸೊಸೆ ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಅತ್ತೆ ಕೇಳಿ, "ನಮ್ಮ ಕಾಲದಲ್ಲೂ ಯಾರೂ ಹೇಳಿಕೊಡ್ಲಿಲ್ಲ ಕಣೇ. ನನಗೂ ಗೊತ್ತಿಲ್ಲ. ನಡಿ, ಡಾಕ್ಟ್ರಮ್ಮನ್ನೇ ಕೇಳೋಣ," ಎಂದರು.

ಡಾಕ್ಟ್ರಮ್ಮ ಒಂದೊಂದಾಗಿ ಕೇಳಿದರು. "ತುರಿಕೆ, ಉರಿ ಏನಾದ್ರೂ? ಕೆಟ್ಟ ವಾಸನೆ? ಹಸಿರು, ಹಳದಿ ಬಣ್ಣ? ಒಡೆದ ಹಾಲಿನ ಥರ ಗಂಟುಗಂಟು?"

"ಅವೇನೂ ಇಲ್ಲ ಡಾಕ್ಟ್ರೇ. ಮೊಟ್ಟೆಯ ಬಿಳಿ ಥರ. ಅದೂ ಹಳೇ ಮೊಟ್ಟೆ, ಬೇಕರೀಲಿ ನಾವು ಪಕ್ಕಕ್ಕಿಡ್ತೀವಲ್ಲ, ಅಂಥದ್ದು."

ಪರೀಕ್ಷೆ ಮಾಡಿದ ಡಾಕ್ಟ್ರಮ್ಮ ಕೈ ತೊಳೆದು ಬಂದು ಕೂತರು. "ನಿಮ್ಮ ಬೇಕರಿ ಕಾನೂನು ಇಲ್ಲಿ ನಡೆಯಲ್ಲಮ್ಮ. ಇಲ್ಲಿ ಎಲ್ಲ ಉಲ್ಟಾ. ಅಂಡ ಹೊರಗೆ ಬರೋ ಸಮಯ ಹತ್ರ ಆದಾಗಲೇ ಹೀಗೆ ತಿಳಿಯಾಗಿ ಜಾರೋ ಹಾಗೆ ಬರೋದು. ವೀರ್ಯಕ್ಕೆ ಮೈಯೇ ದಾರಿ ಮಾಡಿಕೊಡುತ್ತೆ. ಆಮೇಲೆ ಮಂದ ಆಗಿ ಬಾಗಿಲು ಹಾಕಿಕೊಳ್ಳುತ್ತೆ. ಮಗು ಬೇಕು ಅನ್ನೋರಿಗೆ ಇವೇ ಒಳ್ಳೆ ದಿನ. ಆಗ ನೀವೇನು ಮಾಡ್ತಿದ್ರಿ?"

ಉತ್ತರ ಅತ್ತೆಯದು: "ಗಂಡನ್ನ ಮೈದಾ ಮೂಟೆ ಮೇಲೆ ಮಲಗಿಸ್ತಿದ್ಲು."

ಡಾಕ್ಟ್ರಮ್ಮ ಗೋಡೆಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ಸುಧಾರಿಸಿಕೊಂಡು ಹೇಳಿದರು: "ಇಷ್ಟಕ್ಕೇ ಮಗು ಆಗೇಬಿಡುತ್ತೆ ಅಂತಲ್ಲ. ಕೆಲವು ತಿಂಗಳು ನೋಡಿ, ಆಗದಿದ್ರೆ ಇಬ್ಬರೂ ಬನ್ನಿ. ತುರಿಕೆ, ವಾಸನೆ ಶುರುವಾದ್ರೆ ತಡ ಮಾಡ್ಬೇಡಿ. ಅಂದ ಹಾಗೆ, ಇವತ್ತು ಹೇಗಿದೆ?"

"ಎಳೆ ಬರ್ತಿದೆ," ಎಂದಳು ಸೊಸೆ, ಕೇಳಿಸಿಯೂ ಕೇಳಿಸದಂತೆ.

ಅತ್ತೆ ಆಗಲೇ ಎದ್ದಿದ್ದರು. "ಮತ್ತೆ ಇಲ್ಯಾಕೆ ಕೂತಿದ್ದೀಯ?"

ದಾರಿಯುದ್ದಕ್ಕೂ ಅತ್ತೆಯದು ಒಂದೇ ಮಾತು: "ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವಂತೆ. ನಮ್ಮ ಮನೇಲಿ ಪೂಜಾರಿ ನೀನೇ!" ಬೇಕರಿ ಮುಟ್ಟಿದ್ದೇ ತಡ, ಬ್ರೆಡ್ಡಿನ ತಟ್ಟೆ ಹಿಡಿದು ನಿಂತಿದ್ದ ಮಗನ ಕೈಯಿಂದ ಅದನ್ನು ಕಿತ್ತುಕೊಂಡು, ಇಬ್ಬರನ್ನೂ ಮಹಡಿಗೆ ಅಟ್ಟಿ, ಹಾಡಹಗಲೇ ಶಟರ್ ಎಳೆದರು.

ಮೇಲೆ ಸೊಸೆ ನಗುನಗುತ್ತಾ ಎಲ್ಲ ಹೇಳಿದಳು. ಗಂಡ ನಗಲಿಲ್ಲ.

"ಅಂದ್ರೆ, ನನ್ನ ಬೆವರಿನ ವಾಸನೆಗಲ್ವಾ?"

"ಯಾವ ಬೆವರು?"

"ದಿನವಿಡೀ ಒಲೆ ಮುಂದೆ ನಿಂತು ನಾರ್ತೀನಿ, ಅದಕ್ಕೇ ನಿನಗೆ ನಾನು ಬೇಡ ಆಗಿದ್ದೀನಿ ಅಂದ್ಕೊಂಡಿದ್ದೆ. ಕೆಳಗೆ ಹೋದ ಮೇಲೂ ಇನ್ನೊಂದು ಸಲ ಸೋಪು ಹಚ್ಚಿ ಸ್ನಾನ ಮಾಡ್ತಿದ್ದೆ. ಎಲ್ಲಾದ್ರೂ ನಡುರಾತ್ರಿ ಕರೆದುಬಿಡ್ತೀಯೇನೋ ಅಂತ."

ಇಷ್ಟು ದಿನ ಈ ಮನುಷ್ಯ ಒದ್ದೆ ತಲೆಯಲ್ಲಿ ಮೂಟೆಯ ಮೇಲೆ ಕಾಯುತ್ತಿದ್ದನೆಂದು ಅವಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ಪ್ರೀತಿ ಉಕ್ಕಿತು. ಅವನ ಅಂಗಿ ಹಿಡಿದೆಳೆದು ಎದೆಗೆ ಮುಖ ಒತ್ತಿದಳು.

"ಬಿಸಿ ಬ್ರೆಡ್ಡಿನ ವಾಸನೆ ಕಣ್ರೀ ನಿಮ್ದು. ಇನ್ನು ಮೇಲೆ ಒಂದೇ ಸ್ನಾನ ಸಾಕು."

ಕೆಳಗೆ ಯಾರೋ ಶಟರ್ ಬಡಿದರು. "ಅಮ್ಮಾ, ಬನ್ ಇದೆಯಾ?"

"ಇವತ್ತು ರಜಾ!" ಅತ್ತೆಯ ದನಿ ಮಹಡಿಯವರೆಗೂ ಕೇಳಿಸಿತು.

"ನಾಳೆ ಬರ್ಲಾ?"

"ನಾಳೆಯೂ ಅನುಮಾನವೇ. ನಾಡಿದ್ದು ನೋಡೋಣ, ಹೋಗು."