ರಜೆಯಲ್ಲಿ ಇಳಿದುಬಂದ ನೀರು

"ರಜಕ್ಕೆ ಎಲ್ಲರೂ ಮನೆಗೆ ಬರ್ತಾರೆ. ಮನೆ ಸೊಸೆ ಮಾತ್ರ ಯಾವುದೋ ದೇಶದ ಬೆಟ್ಟದ ಮೇಲೆ ಪೈಪು ಹಿಡ್ಕೊಂಡು ಕೂತಿದಾಳೆ. ಬಂದೋರು ಕೇಳಿದ್ರೆ ನಾನೇನು ಹೇಳ್ಲಿ?"

ಫೋನಿನ ತೆರೆಯ ಮೇಲೆ ಅತ್ತೆಯ ಹಣೆ ಮತ್ತು ಅರ್ಧ ಕನ್ನಡಕ ಮಾತ್ರ ಕಾಣುತ್ತಿತ್ತು.

"ಪೈಪು ಹಿಡ್ಕೊಂಡು ಕೂತಿದಾಳೆ ಅಂತಲೇ ಹೇಳಿ ಅತ್ತೆ. ಸುಳ್ಳು ಯಾಕೆ?" ಅಂದೆ. ಅವರ ಹಿಂದೆ ನಮ್ಮ ಮನೆಯವರು ಕಿಸಕ್ಕೆಂದು ನಕ್ಕದ್ದು ಕೇಳಿಸಿತು.

ನಾನು ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರಾಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಕೂತು ಬೇಸರ ಬಂದು, ಬೆಟ್ಟದ ಊರುಗಳಿಗೆ ಕುಡಿಯುವ ನೀರು ಕೊಡುವ ಸಂಸ್ಥೆಯೊಂದಕ್ಕೆ, ಸಂಬಳ ಬೇಡ, ಕೆಲಸ ಕೊಡಿ ಎಂದು ಬರೆದಿದ್ದೆ. ಅವರು ಸಮುದ್ರ ದಾಟಿಸಿ ಇಲ್ಲಿಗೆ ಕಳಿಸಿದರು. ಒಂದರ ಹೆಗಲ ಮೇಲೊಂದು ಕೂತಂತಿರುವ ಮನೆಗಳು, ಒಂದು ಶಾಲೆ, ಊರ ನಡುವೆ ಒಂದೇ ರಸ್ತೆ. ಮೇಲೆ ಬಂಡೆಯ ಬುಡದಲ್ಲಿ ಎಂದೂ ಬತ್ತದ ಒರತೆ. ಆದರೆ ಊರ ಹೆಂಗಸರು ಅಷ್ಟು ಎತ್ತರ ಹತ್ತಲಾರದೆ ಕೆಳಗಿನ ಹಳ್ಳಕ್ಕೆ ಇಳಿದು, ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಕೆಸರು ನೀರು ಹೊತ್ತು ತರುತ್ತಿದ್ದರು.

ನನಗೆ ಉಳಿಯಲು ಕೊಟ್ಟಿದ್ದು ಶಾಲೆಯ ಟೀಚರ್ ಮನೆಯ ಹಿಂದಿನ ಕೋಣೆ. ತಗಡಿನ ಮಾಡು, ಒಂದು ಮಂಚ, ಹಗ್ಗದ ಮೇಲೆ ನನ್ನ ಕಾಲುಚೀಲಗಳು. ಊರಲ್ಲಿ ಇಂಗ್ಲಿಷ್ ಬಲ್ಲವಳು ಆ ಟೀಚರ್ ಒಬ್ಬಳೇ. ನನ್ನ ಮಾತನ್ನು ಊರವರಿಗೂ ಅವರ ಮಾತನ್ನು ನನಗೂ ದಾಟಿಸುವ ಕೆಲಸ ಅವಳದು. ಅವಳ ತಾಯಿ, ನಾನು ಅಜ್ಜಿ ಎಂದು ಕರೆಯುತ್ತಿದ್ದವರು, ಯಾವ ಭಾಷೆಯ ಹಂಗೂ ಇಲ್ಲದೆ ನನ್ನ ತಟ್ಟೆಗೆ ಬಡಿಸುತ್ತಲೇ ಇರುತ್ತಿದ್ದರು.

ವರ್ಷದ ಕೊನೆಯ ರಜೆ ಬಂತು. ಒರತೆಯ ಹತ್ತಿರ ತೊಟ್ಟಿ ಮುಗಿದಿತ್ತು, ಊರೊಳಗಿನ ನಲ್ಲಿಕಟ್ಟೆಯೂ ಮುಗಿದಿತ್ತು. ನಡುವೆ ಪೈಪು ಹೂಳುವ ಗುಂಡಿ ಮಾತ್ರ ಅರ್ಧಕ್ಕೇ ನಿಂತಿತ್ತು. ಜೊತೆಯ ಸ್ವಯಂಸೇವಕರೆಲ್ಲ ಬ್ಯಾಗು ಕಟ್ಟಿ ಹೊರಟರು. ಸಂಸ್ಥೆಯ ಮೇಲ್ವಿಚಾರಕರು ಉಗ್ರಾಣಕ್ಕೆ ಬೀಗ ಹಾಕುತ್ತಾ, "ನೀವೂ ಮನೆಗೆ ಹೋಗಿ ಬನ್ನಿ ಮೇಡಂ. ರಜದಲ್ಲಿ ಇಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡಲ್ಲ," ಅಂದರು.

ಹೋಗೋಣ ಎಂದು ನನಗೂ ಆಸೆಯಾಗಿತ್ತು. ಆದರೆ ಆ ಸಂಜೆ ರಸ್ತೆಯಲ್ಲಿ ಬಸ್ಸು ನಿಂತಿತು. ಅದರಿಂದ ಜನ ಇಳಿದರು, ಇಳಿಯುತ್ತಲೇ ಇದ್ದರು. ದೂರದ ಪಟ್ಟಣಗಳಲ್ಲಿ ದುಡಿಯುವ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಅಳಿಯಂದಿರು. ಬಸ್ಸಿನ ಮೇಲಿಂದ ಟ್ರಂಕುಗಳು ಕೈಯಿಂದ ಕೈಗೆ ಇಳಿದವು. ಅಜ್ಜಿ ಮಗನ ಕುತ್ತಿಗೆಗೆ ಜೋತುಬಿದ್ದು ಅಳುತ್ತಾ ನಗುತ್ತಿದ್ದರೆ, ನಾನು ಮಾತ್ರ ಎಲ್ಲರ ತೋಳುಗಳನ್ನೇ ನೋಡುತ್ತಿದ್ದೆ. ಏನು ತೋಳುಗಳು! ಮೂಟೆ ಹೊತ್ತವು, ಇಟ್ಟಿಗೆ ಎತ್ತಿದವು, ಲಾರಿ ಓಡಿಸಿದವು.

"ಟೀಚರ್, ಇಷ್ಟು ಜನ ಎಷ್ಟು ದಿನ ಇರ್ತಾರೆ?"

"ರಜ ಮುಗಿಯೋವರೆಗೂ. ಯಾಕೆ?" ಎಂದವಳು ನನ್ನ ಮುಖ ನೋಡಿ, "ಅಯ್ಯೋ, ಗೊತ್ತಾಯ್ತು!" ಎಂದು ಬಾಯಿಗೆ ಕೈ ಹಿಡಿದಳು.

ಮೇಲ್ವಿಚಾರಕರಿಗೆ ಫೋನು ಮಾಡಿದೆ. "ತಿಂದುಂಡು ಮಲಗೋಕೆ ಬಂದೋರು ಗುದ್ದಲಿ ಹಿಡೀತಾರಾ? ನಿಮಗೆ ಭ್ರಮೆ," ಎಂದು ನಕ್ಕರು. ನಾನು ಬಿಡಲಿಲ್ಲ. ಕೊನೆಗೆ, "ಬೀಗದ ಕೈ ಶಾಲೇಲಿದೆ. ಏನಾದ್ರೂ ಎಡವಟ್ಟಾದ್ರೆ ನಿಮ್ಮ ತಲೆಗೇ," ಅಂದರು.

ಊರವರನ್ನು ಒಪ್ಪಿಸಿದ್ದು ನಾನಲ್ಲ, ಒಂದು ಜಗಳ. ಮಾರನೆಯ ಬೆಳಗ್ಗೆ ತಿಂಡಿಗೆ ಕೂತಾಗ ಟೀಚರ್ ವಿಷಯ ಎತ್ತಿದಳು. ಲಾರಿ ಓಡಿಸುವ ಅವಳ ಅಣ್ಣ ಬಾಯಿ ತುಂಬಿಕೊಂಡೇ, "ಅದೇನು ಮಹಾ! ನಾನೊಬ್ಬನೇ ಅರ್ಧ ತೋಡ್ತೀನಿ," ಅಂದ. ಎದುರಿಗೆ ಅವಳ ಅಕ್ಕನ ಗಂಡ ಕೂತಿದ್ದ, ಕಿವಿ ಮುಟ್ಟುವ ಮೀಸೆಯವನು. ನಾನು ಅವನಿಗೆ ಮೀಸೆ ಭಾವ ಎಂದು ಹೆಸರಿಟ್ಟಿದ್ದೆ.

"ಲಾರೀಲಿ ಕೂತು ಕೂತು ಹೊಟ್ಟೆ ಬಂದಿದೆ ನಿನಗೆ. ಗುದ್ದಲಿ ಎತ್ತಿದ್ರೆ ನಿನ್ನನ್ನ ಎತ್ತೋಕೆ ನಾಲ್ಕು ಜನ ಬೇಕು," ಅಂದ ಮೀಸೆ ಭಾವ.

ಅಷ್ಟೇ ಸಾಕಾಯಿತು. ಇಬ್ಬರೂ ಕೈ ತೊಳೆಯದೆ ಎದ್ದರು. ಟೀಚರ್ ಜಾಣೆ. ಓಡಿಹೋಗಿ ಉಗ್ರಾಣ ತೆಗೆದು, ಸುಣ್ಣದ ಪುಡಿಯಲ್ಲಿ ಬೆಟ್ಟದುದ್ದಕ್ಕೂ ಗೆರೆ ಎಳೆದು, ಒಂದೊಂದು ತುಂಡನ್ನು ಒಂದೊಂದು ಮನೆಗೆ ಹಂಚಿಬಿಟ್ಟಳು. ಪಕ್ಕದ ಮನೆಯವರು ತೋಡುತ್ತಿರುವಾಗ ಈ ಮನೆಯವರು ಕೈಕಟ್ಟಿ ಕೂರುವುದುಂಟೇ? ಮಧ್ಯಾಹ್ನದ ಹೊತ್ತಿಗೆ ಬೆಟ್ಟವೆಲ್ಲ ಜಾತ್ರೆ. ಅಳಿಯಂದಿರು ಹಾರೆ ಹಾಕಿ ಕಲ್ಲು ಮೀಟಿದರು. ಹೊಸ ಸೊಸೆಯರು ಬುಟ್ಟಿಯಲ್ಲಿ ಮಣ್ಣು ಎತ್ತಿದರು. ಮುದುಕರು ಬಂಡೆಯ ಮೇಲೆ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕಿದರು.

ನಾನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿದ್ದೇ ಓಡಾಡಿದ್ದು. ಮೊಣಕಾಲು ನೋವು ಎಲ್ಲಿ ಹೋಯಿತೋ! ಅವಸರದಲ್ಲಿ ಇಂಗ್ಲಿಷು ಮರೆತು ಕನ್ನಡದಲ್ಲೇ ಕೂಗುತ್ತಿದ್ದೆ: "ಇನ್ನೂ ಆಳ ಬೇಕು! ಕಲ್ಲು ತೆಗೀರಿ, ಪೈಪಿಗೆ ಚುಚ್ಚುತ್ತೆ! ಏ ಲಾರಿ ಅಣ್ಣ, ಇದು ಗುಂಡಿನಾ, ಕೋಳಿ ಕೆದಕಿದ್ದಾ?" ಅವನಿಗೆ ಅದು ಹೇಗೆ ಅರ್ಥವಾಯಿತೋ, ತಲೆ ಕೆರೆದುಕೊಂಡು ಮತ್ತೆ ಇಳಿದ. ಮೀಸೆ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ.

ಗುಂಡಿ ಮುಗಿಯಿತು. ಕಪ್ಪು ಪೈಪಿನ ಸುರುಳಿಗಳನ್ನು ಹೆಗಲ ಮೇಲೆ ಸಾಲಾಗಿ ಹೊತ್ತು, ದೊಡ್ಡ ಹಾವೊಂದನ್ನು ಮಲಗಿಸಿದ ಹಾಗೆ ಮಲಗಿಸಿದರು. ಪ್ರತಿ ಜಾಯಿಂಟನ್ನೂ ನಾನೇ ಮಂಡಿಯೂರಿ ಬಿಗಿದೆ. ಬೇರೆಯವರ ಕೈಗೆ ರೆಂಚು ಕೊಡಲು ಮನಸ್ಸೇ ಬರಲಿಲ್ಲ. ಆಮೇಲೆ ಎಲ್ಲರೂ ಸೇರಿ ಮೇಲೆ ಮಣ್ಣು ಮುಚ್ಚಿದರು.

ನೀರು ಬಿಡುವ ದಿನ ಊರಿಗೆ ಊರೇ ನಲ್ಲಿಕಟ್ಟೆಯ ಸುತ್ತ ಸೇರಿತು. ಹೊಸ ಬಟ್ಟೆ ಹಾಕಿದವರೂ ಇದ್ದರು. ಅಜ್ಜಿ ತಮ್ಮ ಕ್ಯಾನನ್ನು ಎಲ್ಲಕ್ಕಿಂತ ಮುಂದೆ ಇಟ್ಟು, ಅದರ ಪಕ್ಕ ತಾವೇ ಕಾವಲು ನಿಂತಿದ್ದರು. ಲಾರಿ ಅಣ್ಣ ಮೇಲಿನ ತೊಟ್ಟಿಯ ವಾಲ್ವು ತಿರುಗಿಸಿ, ಬಂಡೆಯ ಮೇಲೆ ನಿಂತು ಟವೆಲು ಬೀಸಿದ.

ಎಲ್ಲರೂ ನಲ್ಲಿಯನ್ನೇ ನೋಡಿದೆವು. ನಲ್ಲಿ ಒಮ್ಮೆ ಕೆಮ್ಮಿತು. ಒಂದು ಹನಿ ಬಿತ್ತು. ಆಮೇಲೆ ಏನೂ ಇಲ್ಲ.

ಕಾದೆವು. ಯಾರೋ ಮಗುವನ್ನು ಸುಮ್ಮನಿರಿಸಿದರು. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಟೀಚರ್ ಮೆಲ್ಲಗೆ, "ಎಲ್ಲಾದರೂ ಒಡೆದಿದೆಯಾ?" ಅಂದಳು.

ಒಡೆದಿದ್ದರೆ ಎಲ್ಲೋ ಮಣ್ಣು ನೆನೆಯಬೇಕು. ನಾನು ಪೈಪಿನ ಜಾಡು ಹಿಡಿದು ಮೇಲೆ ಹತ್ತಿದೆ. ಹಿಂದೆ ಟೀಚರ್, ಅವಳ ಹಿಂದೆ ಮೀಸೆ ಭಾವ, ಅವನ ಹಿಂದೆ ಅರ್ಧ ಊರು. ಮಣ್ಣು ಎಲ್ಲೂ ಒದ್ದೆಯಾಗಿರಲಿಲ್ಲ. ಅರ್ಧ ದಾರಿಯಲ್ಲಿ ಒಂದು ದಿಬ್ಬ. ಪೈಪು ಅಲ್ಲಿ ಕೊಂಚ ಮೇಲೆದ್ದು ಮತ್ತೆ ಇಳಿಯುತ್ತಿತ್ತು. ಕೆಳಗೆ ದೊಡ್ಡ ಬಂಡೆ ಸಿಕ್ಕಿದ್ದಕ್ಕೆ ಮೇಲಿಂದಲೇ ಹಾಯಿಸಿದ್ದೆವು. ಅದನ್ನು ಕಂಡದ್ದೇ ನಾನು ಅಲ್ಲೇ ಮಂಡಿಯೂರಿ ಕೂತೆ. ಗಾಳಿ! ದಿಬ್ಬದ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡು ನೀರಿಗೆ ಅಡ್ಡ ನಿಂತಿದೆ. ಕಚೇರಿಯಲ್ಲಿದ್ದಾಗ ಇಂಥದ್ದನ್ನು ಎಷ್ಟು ಸಲ ಬಿಡಿಸಿಲ್ಲ!

"ಮಣ್ಣು ತೆಗೀರಿ, ಇಲ್ಲೇ, ಬೇಗ!"

ಮೀಸೆ ಭಾವ ಕೈಯಿಂದಲೇ ಕೆದಕಿದ. ಜಾಯಿಂಟು ಕಂಡಿತು. ರೆಂಚು ಹಾಕಿ ಒಂದು ಸುತ್ತು ಸಡಿಲಿಸಿದೆ. ಬುಸ್ಸೆಂದಿತು! ಮುಂದೆ ಬಗ್ಗಿದ್ದ ಜನ ಒಂದೇ ನೆಗೆತಕ್ಕೆ ಹಿಂದೆ ಹಾರಿದರು. ಗಾಳಿ ಸಿಳ್ಳೆ ಹಾಕುತ್ತಾ ಹೋಯಿತು, ಹೋಯಿತು, ಮುಗಿಯುವಂತೆಯೇ ಕಾಣಲಿಲ್ಲ. ಆಮೇಲೆ ಬುಳಬುಳ, ಆಮೇಲೆ ಕೆಂಪು ಕೆಸರು, ಕೊನೆಗೆ ತಣ್ಣನೆಯ ನೀರು ನನ್ನ ಮುಖಕ್ಕೇ ರಾಚಿತು. ಕನ್ನಡಕ ಹಾರಿಹೋಯಿತು. ಕಣ್ಣು ಕಾಣದೆಯೇ ಜಾಯಿಂಟು ಬಿಗಿದು, ಎದ್ದು ನಿಂತು ಕಿರುಚಿದೆ:

"ಬಂತು! ಬಂತು!"

ಅರ್ಥ ಹೇಳುವವರು ಬೇಕಾಗಲಿಲ್ಲ. ದಿಬ್ಬದ ಮೇಲಿದ್ದವರು "ಬಂತು!" ಎಂದರು, ದಾರಿಯಲ್ಲಿದ್ದವರು "ಬಂತು!" ಎಂದರು, ಕೂಗು ಬಾಯಿಂದ ಬಾಯಿಗೆ ಕೆಳಗಿಳಿಯಿತು. ನಾನೂ ಕನ್ನಡಕ ಹೆಕ್ಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಅರವತ್ತು ದಾಟಿದ ಹೆಂಗಸು ಹಾಗೆ ಓಡಬಾರದು, ಆದರೂ ಓಡಿದೆ. ನಾನು ತಲುಪುವಷ್ಟರಲ್ಲಿ ನಲ್ಲಿಯಿಂದ ನೀರು ದಪ್ಪವಾಗಿ, ತಿಳಿಯಾಗಿ ಸುರಿಯುತ್ತಿತ್ತು. ಅಜ್ಜಿಯ ಕ್ಯಾನು ತುಂಬಿ ಹೊರಗೆ ಹರಿಯುತ್ತಿದ್ದರೂ ಅವರಿಗೆ ಪರಿವೆಯಿಲ್ಲ. ಬೊಗಸೆ ಹಿಡಿದು ಕುಡಿದರು, ಮತ್ತೆ ಹಿಡಿದು ನನ್ನ ಬಾಯಿಗೆ ತಂದರು. ಮೇಲಿಂದ ಓಡಿಬಂದ ಲಾರಿ ಅಣ್ಣನನ್ನು ಮೀಸೆ ಭಾವ ನಿಜವಾಗಿಯೂ ಎತ್ತಿಕೊಂಡು ನಲ್ಲಿಯ ಕೆಳಗೆ ಕೂರಿಸಿದ.

ಮನೆಗೆ ಫೋನು ಮಾಡಿ ನೀರಿನತ್ತ ಹಿಡಿದೆ. ಅಲ್ಲಿ ನಮ್ಮ ಮನೆ ತುಂಬ ನೆಂಟರು. ಎಲ್ಲರ ತಲೆಗಳೂ ತೆರೆಯೊಳಗೆ ನುಗ್ಗಿದವು.

"ಇದಾ ನೀನು ತಂದ ನೀರು?" ಅತ್ತೆ ಕೇಳಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎಲ್ಲ ಬನ್ರೇ ಇಲ್ಲಿ, ನೋಡಿ ನನ್ನ ಸೊಸೇನ! ಅಲ್ಲ ಕಣೇ, ಆ ಅಜ್ಜಿ ಅದೆಷ್ಟು ನೀರು ಪೋಲು ಮಾಡ್ತಿದಾರೆ, ನಲ್ಲಿ ನಿಲ್ಸು ಅಂತ ಹೇಳೇ!"

ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ಟೀಚರ್ ಅದನ್ನೂ ಅನುವಾದಿಸಿದಳು. ಅಜ್ಜಿ ಫೋನಿನ ಹತ್ತಿರ ಬಂದು, ಸೊಂಟಕ್ಕೆ ಕೈಯಿಟ್ಟು, ತಮ್ಮ ಭಾಷೆಯಲ್ಲಿ ಉದ್ದಕ್ಕೆ ಉತ್ತರ ಕೊಟ್ಟರು. ಅತ್ತೆ ಕನ್ನಡದಲ್ಲಿ ಮರುಮಾತು ಹೇಳಿದರು. ಇಬ್ಬರೂ ಹೀಗೆ ಬಹಳ ಹೊತ್ತು ಮಾತಾಡಿದರು. ನಡುವೆ ನಮಗೆ ಯಾರಿಗೂ ಬಾಯಿ ಹಾಕಲು ಅವಕಾಶ ಸಿಗಲಿಲ್ಲ.

ರಜೆ ಮುಗಿದು ಮೇಲ್ವಿಚಾರಕರು ಬಂದಾಗ ನಲ್ಲಿಕಟ್ಟೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರು ಜೀಪು ನಿಲ್ಲಿಸಿ, ಇಳಿದು, ಕೈಯೊಡ್ಡಿ ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಮೇಡಂ, ಬೆಟ್ಟದ ಆಚೆ ಬದಿಯಲ್ಲೂ ಒಂದು ಊರಿದೆ," ಅಂದರು.

"ಅಲ್ಲಿಯ ಅಳಿಯಂದಿರು ಇನ್ನೂ ವಾಪಸ್ ಹೋಗಿಲ್ಲ ತಾನೆ?" ಎಂದು ಕೇಳಿ, ರೆಂಚನ್ನು ಚೀಲಕ್ಕೆ ಹಾಕಿಕೊಂಡು ಜೀಪು ಹತ್ತಿದೆ.